“212 ದಿನಗಳಿಂದ ಅಪಘಾತವಿಲ್ಲ”: ಆ ಫಲಕವನ್ನು ನಂಬಬಹುದೇ?

ಚರ್ಚೆ ಆರಂಭಿಸಿದವರು: ಫ್ಯಾಬ್ರಿಕೇಶನ್ ಮೇಲ್ವಿಚಾರಕ, ಕಾರವಾರ

ಎಲ್ಲರಿಗೂ ನಮಸ್ಕಾರ. ಕಾರವಾರ ತಾಲೂಕಿನ ಮಧ್ಯಮ ಗಾತ್ರದ ಫ್ಯಾಬ್ರಿಕೇಶನ್ ಘಟಕವೊಂದರಲ್ಲಿ ಹನ್ನೊಂದು ವರ್ಷಗಳಿಂದ ಮೇಲ್ವಿಚಾರಕನಾಗಿದ್ದೇನೆ. ಟ್ಯಾಂಕ್‌ಗಳು, ದೊಡ್ಡ ಪೈಪ್‌ಗಳು, ಹಡಗು ರಿಪೇರಿಗೆ ಬೇಕಾಗುವ ಉಕ್ಕಿನ ಭಾಗಗಳು ನಮ್ಮಲ್ಲಿ ತಯಾರಾಗುತ್ತವೆ. ಸುಮಾರು 180 ಜನ ದುಡಿಯುತ್ತಾರೆ, ಅವರಲ್ಲಿ ಮೂರರಲ್ಲಿ ಎರಡು ಪಾಲು ಗುತ್ತಿಗೆಯವರು.

ನಮ್ಮ ಗೇಟಿನ ಬಳಿ ಒಂದು ಫಲಕವಿದೆ. ಅಪಘಾತವಿಲ್ಲದೆ ಎಷ್ಟು ದಿನ ಕಳೆಯಿತು ಎಂಬ ಸಂಖ್ಯೆಯನ್ನು ಪ್ರತಿದಿನ ಬೆಳಿಗ್ಗೆ ಕಾವಲುಗಾರ ಬದಲಿಸುತ್ತಾನೆ. 365 ತಲುಪಿದರೆ ಎಲ್ಲರಿಗೂ ಒಂದು ವಾರದ ಸಂಬಳ ಹೆಚ್ಚುವರಿಯಾಗಿ ಸಿಗುತ್ತದೆ ಎಂದು ಮಾಲೀಕರು ಘೋಷಿಸಿದ್ದಾರೆ. ಕಳೆದ ಮಳೆಗಾಲದಲ್ಲಿ ಫಲಕ 212 ತೋರಿಸುತ್ತಿದ್ದ ದಿನ, ಪ್ಲೇಟ್ ಬಾಗಿಸುವ ರೋಲಿಂಗ್ ಯಂತ್ರದಲ್ಲಿ ಒಡಿಶಾದಿಂದ ಬಂದ ಗುತ್ತಿಗೆ ಕಾರ್ಮಿಕನೊಬ್ಬನ ಗ್ಲೌಸ್ ರೋಲರಿಗೆ ಸಿಕ್ಕಿ, ಬಲಗೈಯ ತೋರುಬೆರಳು ಬುಡದವರೆಗೆ ಹೋಯಿತು. ಅವನಿಗೆ 30 ವರ್ಷ. ಗುತ್ತಿಗೆದಾರನ ಕಡೆಯವರು ಅವನನ್ನು ಜೀಪಿನಲ್ಲಿ ಕರೆದೊಯ್ದು, ಕೋಣೆಯ ಬಾಗಿಲಿಗೆ ಬೆರಳು ಸಿಕ್ಕಿತೆಂದು ಆಸ್ಪತ್ರೆಯಲ್ಲಿ ಬರೆಸಿದರು. ಮರುದಿನ ಬೆಳಿಗ್ಗೆ ಫಲಕದಲ್ಲಿ 213 ಇತ್ತು.

ಹಾಗೆ ಮಾಡಿರೆಂದು ಯಾರೂ ನನಗೆ ಆದೇಶ ಕೊಟ್ಟಿರಲಿಲ್ಲ. ಆದರೂ ಅಪಘಾತದ ನೋಂದಣಿ ಪುಸ್ತಕದಲ್ಲಿ ನಾನೂ ಏನನ್ನೂ ಬರೆಯಲಿಲ್ಲ. 180 ಮನೆಗಳ ಒಂದು ವಾರದ ಸಂಬಳವನ್ನು ಕಳೆದವನು ಎಂಬ ಹೆಸರು ನನಗೆ ಬೇಡವಾಗಿತ್ತು. ಅಂದಿನಿಂದ ನನಗೆ ನೆಮ್ಮದಿಯಿಲ್ಲ. ಗಾಯಗಳು ನಿಜವಾಗಿಯೂ ಕಡಿಮೆಯಾಗಬೇಕಾದರೆ ಏನು ಮಾಡಬೇಕು, ಸುರಕ್ಷತೆಗೆ ಹಣ ಹಾಕುವುದು ದಂಡವೆಂದು ತಿಳಿದಿರುವ ಮಾಲೀಕರಿಗೆ ಯಾವ ಲೆಕ್ಕವನ್ನು ತೋರಿಸಬೇಕು ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ನಿವೃತ್ತ ಸುರಕ್ಷತಾ ಅಧಿಕಾರಿ, ಶಿರಸಿ

ತಾವು ಬರೆದದ್ದನ್ನು ಎರಡು ಸಲ ಓದಿದೆ. ಮುಚ್ಚಿಟ್ಟದ್ದನ್ನು ಹೀಗೆ ತೆರೆದು ಹೇಳುವುದು ಸುಲಭವಲ್ಲ. ಮೂವತ್ತೆರಡು ವರ್ಷ ಹಲವು ಜಿಲ್ಲೆಗಳ ಕಾರ್ಖಾನೆಗಳಲ್ಲಿ ದುಡಿದು ಈಗ ಅಡಿಕೆ ತೋಟ ನೋಡಿಕೊಂಡಿರುವ ನನಗೆ ಇಂಥ ಫಲಕಗಳು ಹೊಸದಲ್ಲ. ಗಾಯವಾಗದ ದಿನಗಳಿಗೆ ಬಹುಮಾನ ಇಟ್ಟ ಕಡೆಯಲ್ಲೆಲ್ಲ ನಾನು ಕಂಡದ್ದು ಒಂದೇ: ಗಾಯಗಳ ಸುದ್ದಿ ಕಡಿಮೆಯಾಯಿತು, ಗಾಯಗಳು ಆಗುತ್ತಲೇ ಇದ್ದವು. ಸುದ್ದಿ ಮುಚ್ಚಿಹೋದರೆ ಅದರ ಜೊತೆಗೆ ಬರಬೇಕಾಗಿದ್ದ ತಿಳಿವಳಿಕೆಯೂ ಮುಚ್ಚಿಹೋಗುತ್ತದೆ. ಆ ಹುಡುಗನ ಬೆರಳು ಹೋಗುವ ಮೊದಲು ಅದೇ ರೋಲರು ಎಷ್ಟು ಜನರ ಗ್ಲೌಸನ್ನು ಎಳೆದು ಬಿಟ್ಟಿತ್ತು ಎಂದು ಒಮ್ಮೆ ಕೇಳಿ ನೋಡಿ. ಶಿಕ್ಷೆಯ ಭಯವಿಲ್ಲದಿದ್ದರೆ ನಾಲ್ಕಾರು ಜನರಾದರೂ ಕೈ ಎತ್ತುತ್ತಾರೆ.

1931ರಲ್ಲಿ ಅಮೆರಿಕದ ವಿಮಾ ಕಂಪನಿಯೊಂದರ ಹೈನ್‌ರಿಕ್ ಎಂಬವರು, ಒಂದು ದೊಡ್ಡ ಗಾಯದ ಹಿಂದೆ 29 ಸಣ್ಣ ಗಾಯಗಳೂ ಗಾಯವಿಲ್ಲದೆ ತಪ್ಪಿಹೋದ 300 ಘಟನೆಗಳೂ ಇರುತ್ತವೆ ಎಂದು ಬರೆದರು. ಈ ಸಂಖ್ಯೆಗಳನ್ನು ಮಂತ್ರದಂತೆ ಹೇಳುವವರಿದ್ದಾರೆ, ನಾನು ಹೇಳುವುದಿಲ್ಲ. ಅವರ ಮೂಲ ಕಡತಗಳು ನಂತರದವರ ಪರಿಶೀಲನೆಗೆ ಸಿಗಲಿಲ್ಲ. ಅಲ್ಲದೆ ನೂರಕ್ಕೆ 88 ಅಪಘಾತಗಳಿಗೆ ಕಾರ್ಮಿಕರ ತಪ್ಪು ನಡೆಯೇ ಕಾರಣವೆಂದು ಅವರು ಹೇಳಿದ್ದು, ಯಂತ್ರವನ್ನು ಬಿಟ್ಟು ಮನುಷ್ಯನನ್ನು ದೂರುವ ಅಭ್ಯಾಸಕ್ಕೆ ಬಲ ಕೊಟ್ಟಿತು. ಆದರೂ ತಪ್ಪಿಹೋದ ಅಪಘಾತವೂ ಬರೆದಿಡಬೇಕಾದ ಅಪಘಾತವೇ ಎಂಬ ಅವರ ಮಾತನ್ನು ನಾನು ಒಪ್ಪುತ್ತೇನೆ.

ಈಗ ತಮ್ಮ ಯಂತ್ರದ ವಿಷಯಕ್ಕೆ ಬರುತ್ತೇನೆ. ತಿರುಗುವ ರೋಲರಿನ ಬಳಿ ಬಟ್ಟೆಯ ಗ್ಲೌಸ್ ಹಾಕಿಸಿದ್ದೇ ಮೊದಲ ತಪ್ಪು. ಬರಿಗೈ ತಾಗಿದರೆ ಚರ್ಮ ತರಚಬಹುದಾದ ಕಡೆ ಗ್ಲೌಸಿನ ದಾರ ಸಿಕ್ಕಿದರೆ ಇಡೀ ಕೈಯೇ ಒಳಗೆ ಹೋಗುತ್ತದೆ. ಸುರಕ್ಷತೆಗೆ ಒಂದು ಕ್ರಮವಿದೆ. ಅಪಾಯವನ್ನು ಇಲ್ಲವಾಗಿಸಲು ಸಾಧ್ಯವೇ ಎಂದು ಮೊದಲು ನೋಡಬೇಕು. ಆಗದಿದ್ದರೆ ಕಡಿಮೆ ಅಪಾಯದ ವಿಧಾನ ಹುಡುಕಬೇಕು. ಅದೂ ಆಗದಿದ್ದರೆ ಯಂತ್ರಕ್ಕೇ ತಡೆ ಕಟ್ಟಬೇಕು. ಆಮೇಲೆ ಬರುವುದು ನಿಯಮ ಮತ್ತು ತರಬೇತಿ. ಹೆಲ್ಮೆಟ್, ಗ್ಲೌಸ್, ಕನ್ನಡಕಗಳು ಕಟ್ಟಕಡೆಗೆ. ನಮ್ಮಲ್ಲಿ ಕಡೆಯದೇ ಮೊದಲಾಗಿದೆ, ಏಕೆಂದರೆ ಅದೇ ಅಗ್ಗ.

ಪ್ಲೇಟನ್ನು ಆಧರಿಸಲು ಎರಡೂ ಕಡೆ ರೋಲರ್ ಸ್ಟ್ಯಾಂಡ್ ಇಡಿಸಿ, ಆಗ ಕೈ ರೋಲರಿನ ಬಾಯಿಯ ಹತ್ತಿರ ಹೋಗುವ ಅಗತ್ಯವೇ ಬೀಳುವುದಿಲ್ಲ. ಯಂತ್ರದ ಉದ್ದಕ್ಕೂ ಮೊಣಕಾಲಿನ ಎತ್ತರದಲ್ಲಿ ಒಂದು ತಂತಿ ಕಟ್ಟಿಸಿ, ಯಾರು ತಾಗಿದರೂ ಯಂತ್ರ ನಿಲ್ಲುವಂತೆ ಮಾಡಿಸಿ. ಕಾಲು ತೆಗೆದ ಕೂಡಲೇ ನಿಲ್ಲುವ ಪೆಡಲ್ ಹಾಕಿಸಿ. ಇವು ಯಾವುವೂ ಹೊಸ ಸಂಶೋಧನೆಗಳಲ್ಲ. 1948ರ ಕಾರ್ಖಾನೆ ಕಾಯ್ದೆಯ 21ನೇ ಕಲಮು ಅಪಾಯಕಾರಿ ಭಾಗಗಳಿಗೆ ಭದ್ರವಾದ ತಡೆ ಇರಬೇಕೆಂದು ಅಂದೇ ಹೇಳಿತ್ತು.

ಲೆಕ್ಕದ ಬಗ್ಗೆಯೂ ಒಂದು ಮಾತು. ಭಾರತೀಯ ಮಾನಕ 3786ರ ಪ್ರಕಾರ, ಕೆಲಸ ತಪ್ಪಿಸಿದ ಗಾಯಗಳ ಸಂಖ್ಯೆಯನ್ನು ಹತ್ತು ಲಕ್ಷದಿಂದ ಗುಣಿಸಿ, ಎಲ್ಲರೂ ದುಡಿದ ಒಟ್ಟು ಗಂಟೆಗಳಿಂದ ಭಾಗಿಸಿದರೆ ಗಾಯಗಳ ಆವರ್ತನ ದರ ಸಿಗುತ್ತದೆ. ತೀವ್ರತೆಯ ಲೆಕ್ಕದಲ್ಲಿ ಒಂದು ಸಾವನ್ನು 6,000 ದಿನಗಳ ನಷ್ಟವೆಂದು ಹಿಡಿಯಲಾಗುತ್ತದೆ. ಗುತ್ತಿಗೆಯವರ ದುಡಿಮೆಯ ಗಂಟೆಗಳನ್ನು ಸೇರಿಸಿಕೊಂಡು ಅವರ ಗಾಯಗಳನ್ನು ಮಾತ್ರ ಬಿಟ್ಟ ಪಟ್ಟಿಗಳನ್ನು ನಾನು ನನ್ನ ಕಾಲದಲ್ಲಿ ಕಂಡಿದ್ದೇನೆ. ಅಂಥ ದರವನ್ನು ಯಾರೂ ಗೋಡೆಗೆ ತೂಗುಹಾಕಬಾರದು.

ಶುಶ್ರೂಷಕಿ, ಕುಮಟಾ

ತುರ್ತು ಚಿಕಿತ್ಸಾ ವಿಭಾಗದಲ್ಲಿ ಹದಿನೈದು ವರ್ಷಗಳಿಂದ ಇದ್ದೇನೆ. “ಬಾಗಿಲಿಗೆ ಸಿಕ್ಕಿದ” ಬೆರಳುಗಳನ್ನು ನಾನು ಬಹಳ ನೋಡಿದ್ದೇನೆ. ಬಾಗಿಲಿಗೆ ಸಿಕ್ಕಿದ ಬೆರಳಿನ ಗಾಯದಲ್ಲಿ ಗ್ರೀಸ್ ಇರುವುದಿಲ್ಲ, ಉಕ್ಕಿನ ಪುಡಿಯೂ ಇರುವುದಿಲ್ಲ. ಗಾಯ ಹೇಗಾಯಿತೆಂದು ನಮಗೆ ಸುಳ್ಳು ಹೇಳಿದರೆ ಚಿಕಿತ್ಸೆಯೂ ದಾರಿ ತಪ್ಪುತ್ತದೆ. ಜಜ್ಜಿದ ಗಾಯವೋ, ಕೊಯ್ದ ಗಾಯವೋ, ಎಳೆದು ಕಿತ್ತ ಗಾಯವೋ ಎಂಬುದರ ಮೇಲೆಯೇ ಬೆರಳನ್ನು ಮತ್ತೆ ಜೋಡಿಸಬಹುದೇ ಎಂಬುದು ನಿಂತಿದೆ.

ನಮ್ಮ ಕರಾವಳಿಯಲ್ಲಿ ಇನ್ನೊಂದು ತಪ್ಪು ಮತ್ತೆ ಮತ್ತೆ ನಡೆಯುತ್ತದೆ. ಇಲ್ಲಿ ಎಲ್ಲೆಂದರಲ್ಲಿ ಮೀನಿನ ಐಸ್ ಸಿಗುತ್ತದಾದ್ದರಿಂದ, ತುಂಡಾದ ಬೆರಳನ್ನು ಐಸಿನ ಪೆಟ್ಟಿಗೆಯೊಳಗೆ ಹಾಗೆಯೇ ಹುಗಿದು ತರುತ್ತಾರೆ. ಐಸ್ ನೇರವಾಗಿ ತಾಗಿದರೆ ಜೀವಕೋಶಗಳು ಹೆಪ್ಪುಗಟ್ಟಿ ಕೆಟ್ಟುಹೋಗುತ್ತವೆ. ಬೆರಳನ್ನು ಒದ್ದೆ ಮಾಡಿ ಹಿಂಡಿದ ಶುದ್ಧ ಗಾಜ್ ಬಟ್ಟೆಯಲ್ಲಿ ಸುತ್ತಿ, ನೀರು ಹೋಗದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಆ ಚೀಲವನ್ನು ಐಸ್ ಬೆರೆಸಿದ ನೀರಿನಲ್ಲಿ ಇಡಬೇಕು. ಕೈ ಅಥವಾ ತೋಳೇ ತುಂಡಾಗಿದ್ದರೆ ಅದರಲ್ಲಿ ಸ್ನಾಯು ಹೆಚ್ಚಿರುವುದರಿಂದ ಸುಮಾರು ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಆಗಬೇಕಾಗುತ್ತದೆ.

ಆ ಆರು ಗಂಟೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಬೇಗ ಕರಗುತ್ತದೆಂದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಗಂಭೀರ ಗಾಯಾಳುಗಳನ್ನು ಮಣಿಪಾಲಕ್ಕೋ ಮಂಗಳೂರಿಗೋ ಗೋವಾದ ಬಾಂಬೋಳಿಗೋ ಹುಬ್ಬಳ್ಳಿಗೋ ಕಳಿಸಬೇಕಾಗುತ್ತದೆ. ಸುಸಜ್ಜಿತ ಬಹುವಿಶೇಷ ಆಸ್ಪತ್ರೆಗಾಗಿ ಜಿಲ್ಲೆಯ ಜನ ಬೀದಿಗಿಳಿದು ಹೋರಾಡಿದ್ದೂ ಇದೇ ಕಾರಣಕ್ಕೆ. ಮಳೆಗಾಲದಲ್ಲಿ ಅರಬೈಲ್ ಘಟ್ಟದಲ್ಲಿ ಲಾರಿ ಅಡ್ಡ ನಿಂತರೆ ಆಂಬುಲೆನ್ಸ್ ಕೂಡ ನಿಲ್ಲುತ್ತದೆ. 2024ರ ಜುಲೈ 16ರಂದು ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿಹೋದದ್ದನ್ನು ನಾವೆಲ್ಲರೂ ಕಂಡಿದ್ದೇವೆ. ಹಾಗಾಗಿ ದೊಡ್ಡ ನಗರದ ಕಾರ್ಖಾನೆಯೊಂದರಲ್ಲಿ ಉಳಿಸಬಹುದಾದ ಕೈ ನಮ್ಮಲ್ಲಿ ಉಳಿಯದೇ ಹೋಗಬಹುದು. ಅಷ್ಟರಮಟ್ಟಿಗೆ ನಮ್ಮ ಯಂತ್ರಗಳಿಗೆ ಹೆಚ್ಚಿನ ತಡೆಗಳು ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಪ್ರತಿ ಪಾಳಿಯಲ್ಲೂ ಪ್ರಥಮ ಚಿಕಿತ್ಸೆ ಕಲಿತ ಇಬ್ಬರಿರಲಿ. ಯಾವ ಗಾಯಕ್ಕೆ ಯಾವ ಊರಿನ ಆಸ್ಪತ್ರೆ, ಮಳೆಗಾಲದಲ್ಲಿ ಬದಲಿ ದಾರಿ ಯಾವುದು ಎಂಬುದನ್ನು ಮೊದಲೇ ಬರೆದು ಗೇಟಿನಲ್ಲಿ ಅಂಟಿಸಿ.

ಸಣ್ಣ ಘಟಕದ ಮಾಲೀಕ, ಹೊನ್ನಾವರ

ಎಲ್ಲರ ಮಾತನ್ನೂ ಗೌರವದಿಂದ ಓದಿದೆ. ನನ್ನಲ್ಲಿ ಇಪ್ಪತ್ತಾರು ಜನರಿದ್ದಾರೆ. ನಮ್ಮಂಥವರಿಗೆ ಕೆಲಸ ಸಿಗುವುದೇ ಅತಿ ಕಡಿಮೆ ದರ ಬರೆದ ಟೆಂಡರಿನ ಮೇಲೆ. ಸುರಕ್ಷತೆಯ ಖರ್ಚನ್ನು ಸೇರಿಸಿ ದರ ಬರೆದರೆ ಕೆಲಸ ಪಕ್ಕದವನ ಪಾಲಾಗುತ್ತದೆ. ಕೆಲಸ ಕೊಡುವ ದೊಡ್ಡ ಕಂಪನಿಗಳು ಸುರಕ್ಷತಾ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತವೆಯೇ ಹೊರತು ಅದಕ್ಕೆ ಬೇರೆಯಾಗಿ ಹಣ ಕೊಡುವುದಿಲ್ಲ. ವಿಮೆ ಮಾಡಿಸಿದ್ದೇನೆ, ಗಾಯವಾದರೆ ಅದು ನೋಡಿಕೊಳ್ಳುತ್ತದೆ. ಇದಕ್ಕಿಂತ ಹೆಚ್ಚಿಗೆ ನಮ್ಮಿಂದ ಏನಾದೀತು? ಜಗಳಕ್ಕೆ ಕೇಳುತ್ತಿಲ್ಲ, ನಿಜವಾಗಿಯೂ ತಿಳಿಯಬೇಕಾಗಿದೆ.

ನಿವೃತ್ತ ಸುರಕ್ಷತಾ ಅಧಿಕಾರಿ, ಶಿರಸಿ

ತಮ್ಮ ಕಷ್ಟ ಸುಳ್ಳಲ್ಲ. ಸುರಕ್ಷತೆಯ ಖರ್ಚನ್ನು ಟೆಂಡರಿನ ದರದ ಪೈಪೋಟಿಯಿಂದ ಹೊರಗಿಟ್ಟು ಬೇರೆ ಬಾಬ್ತಾಗಿ ತೋರಿಸಬೇಕೆಂದು ಕೆಲಸ ಕೊಡುವವರನ್ನು ತಮ್ಮಂಥವರೆಲ್ಲ ಒಟ್ಟಾಗಿ ಕೇಳಬೇಕು. ಒಬ್ಬರೇ ಕೇಳಿದರೆ ಆಗದು.

ಆದರೆ ವಿಮೆ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂಬುದನ್ನು ಒಪ್ಪಲಾರೆ. ವಿಮೆ ಕೊಡುವುದು ಪರಿಹಾರ ಮತ್ತು ಆಸ್ಪತ್ರೆಯ ಬಿಲ್ಲು. ಆ ದಿನ ಯಂತ್ರ ನಿಂತದ್ದು, ಸುತ್ತಲಿನ ಹತ್ತು ಜನ ಕೆಲಸ ಬಿಟ್ಟು ಓಡಿ ಬಂದದ್ದು, ಅರ್ಧಕ್ಕೆ ಉಳಿದ ಪ್ಲೇಟು ಗುಜರಿಗೆ ಹೋದದ್ದು, ಕೊಡಬೇಕಾದ ದಿನಕ್ಕೆ ಮಾಲು ಕೊಡಲಾಗದೆ ಬಿಲ್ಲಿನಲ್ಲಿ ಕಡಿತವಾದದ್ದು, ಹೊಸಬನಿಗೆ ಎರಡು ತಿಂಗಳು ಕೆಲಸ ಕಲಿಸಿದ್ದು, ಕೈ ಪಳಗಿದ ಇಬ್ಬರು ಹೆದರಿ ಊರಿಗೆ ಮರಳಿದ್ದು, ತಾವೇ ನಾಲ್ಕು ದಿನ ಕಚೇರಿಗಳಿಗೆ ಅಲೆದದ್ದು, ಇವು ಯಾವ ಪಾಲಿಸಿಯಲ್ಲೂ ಇಲ್ಲ. ಇವು ನೇರ ಖರ್ಚಿನ ನಾಲ್ಕು ಪಟ್ಟು ಎಂದು ಹೈನ್‌ರಿಕ್ ಹೇಳಿದ್ದರು. ಆ ನಾಲ್ಕನ್ನು ನಂಬಬೇಡಿ, ತಮ್ಮ ಘಟಕದ ಹಿಂದಿನ ಒಂದು ಅಪಘಾತವನ್ನು ತೆಗೆದುಕೊಂಡು ಸಾಲು ಸಾಲಾಗಿ ತಾವೇ ಬರೆದು ಕೂಡಿಸಿ ನೋಡಿ.

ನಮ್ಮ ಜಿಲ್ಲೆಯದೇ ಒಂದು ಉದಾಹರಣೆ ಇದೆ. 1994ರ ಮೇ ತಿಂಗಳಲ್ಲಿ, ಕೈಗಾ ಅಣುವಿದ್ಯುತ್ ಸ್ಥಾವರದ ಮೊದಲ ಘಟಕದ ನಿರ್ಮಾಣ ನಡೆಯುತ್ತಿದ್ದಾಗ ಒಳಗುಮ್ಮಟದ ಕಾಂಕ್ರೀಟ್ ಕಳಚಿ ಬಿತ್ತು. 14 ಕಾರ್ಮಿಕರಿಗೆ ಗಾಯವಾಯಿತು. ಗಾಯಾಳುಗಳ ಪಟ್ಟಿ ಅಲ್ಲಿಗೆ ಮುಗಿಯಿತು, ಆದರೆ ಗುಮ್ಮಟದ ವಿನ್ಯಾಸವನ್ನು ಪರಿಷ್ಕರಿಸಿ ಮತ್ತೆ ಕಟ್ಟಬೇಕಾಯಿತು, ಆ ಘಟಕ ವಾಣಿಜ್ಯ ಉತ್ಪಾದನೆ ಆರಂಭಿಸುವಾಗ 2000ನೇ ಇಸವಿ ಬಂದಿತ್ತು. ಜನರನ್ನು ಗಾಯಗೊಳಿಸಿದ ದೋಷವೂ ಕೆಲಸವನ್ನು ಹಿಂದಕ್ಕೆ ಎಳೆದ ದೋಷವೂ ಒಂದೇ ಆಗಿತ್ತು ಎಂಬುದನ್ನು ಗಮನಿಸಿ.

ಇದನ್ನು ತಲೆಕೆಳಗಾಗಿಯೂ ನೋಡಬಹುದು. ಅಮೆರಿಕದ ಅಲ್ಕೋವಾ ಅಲ್ಯೂಮಿನಿಯಂ ಕಂಪನಿಯ ಮುಖ್ಯಸ್ಥರಾಗಿ 1987ರಲ್ಲಿ ಬಂದ ಪಾಲ್ ಓನೀಲ್, ಹೂಡಿಕೆದಾರರ ಮುಂದೆ ಮೊದಲು ಮಾತನಾಡಿದ್ದೇ ಕಾರ್ಮಿಕರ ಗಾಯಗಳ ಬಗ್ಗೆ. ಎಲ್ಲಿ ಗಾಯವಾದರೂ 24 ಗಂಟೆಗಳೊಳಗೆ ತಮಗೆ ತಿಳಿಸಬೇಕು, ಮರುಕಳಿಸದಂತೆ ಏನು ಮಾಡುತ್ತೀರೆಂದೂ ಹೇಳಬೇಕು ಎಂದು ವಿಧಿಸಿದರು. ಮೆಕ್ಸಿಕೋದ ಒಂದು ಘಟಕದಲ್ಲಿ ಕಾರ್ಮಿಕರು ವಿಷಾನಿಲಕ್ಕೆ ಸಿಲುಕಿದ್ದನ್ನು ಮೇಲಕ್ಕೆ ತಿಳಿಸದಿದ್ದ ಹಿರಿಯ ಅಧಿಕಾರಿಯನ್ನು 1996ರಲ್ಲಿ ಹುದ್ದೆಯಿಂದಲೇ ತೆಗೆದರು. ಅವರ ಅವಧಿಯಲ್ಲಿ ಗಾಯಗಳೂ ಇಳಿದವು, ಲಾಭವೂ ಏರಿತು. ಗಾಯ ಏಕಾಯಿತೆಂದು ಹುಡುಕುತ್ತ ಹೋದವರಿಗೆ ಮಾಲು ಏಕೆ ಕೆಡುತ್ತಿದೆ ಎಂಬುದೂ ದಾರಿಯಲ್ಲೇ ಸಿಕ್ಕಿತು. ಅಲ್ಲಿ ಶಿಕ್ಷೆಯಾದದ್ದು ಗಾಯಕ್ಕಲ್ಲ, ಮುಚ್ಚಿಟ್ಟದ್ದಕ್ಕೆ.

ಕಾರ್ಮಿಕ ಪ್ರಕರಣಗಳ ವಕೀಲೆ, ಕಾರವಾರ

ಆ ಬೆರಳಿನ ಲೆಕ್ಕವನ್ನು ನಾನು ಹೇಳುತ್ತೇನೆ. 1923ರ ಪರಿಹಾರ ಕಾಯ್ದೆಯು 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ, ಲೆಕ್ಕದ ಕ್ರಮ ಹಿಂದಿನದೇ. ಇಡೀ ತೋರುಬೆರಳು ಹೋದರೆ ದುಡಿಯುವ ಶಕ್ತಿಯಲ್ಲಿ ಶೇ. 14ರಷ್ಟು ನಷ್ಟವೆಂದು ಅನುಸೂಚಿ ಹೇಳುತ್ತದೆ. ಹೆಬ್ಬೆರಳಿಗೆ ಶೇ. 30. ತಿಂಗಳ ವೇತನವನ್ನು 15,000 ರೂಪಾಯಿ ಎಂದು ಹಿಡಿದರೆ ಅದರ ಶೇ. 60 ಎಂದರೆ 9,000. ಇದನ್ನು 30ರ ವಯಸ್ಸಿಗೆ ನಿಗದಿಯಾದ 207.98ರಿಂದ ಗುಣಿಸಿ, ಬಂದದ್ದರಲ್ಲಿ ಶೇ. 14 ತೆಗೆದರೆ ಸುಮಾರು 2,62,000 ರೂಪಾಯಿ. ಒಂದು ತಿಂಗಳೊಳಗೆ ಕೊಡದಿದ್ದರೆ ಶೇ. 12 ಬಡ್ಡಿ, ಸಕಾರಣವಿಲ್ಲದೆ ತಡ ಮಾಡಿದರೆ ಶೇ. 50ರವರೆಗೆ ದಂಡ. ಇಎಸ್‌ಐ (ಕಾರ್ಮಿಕರ ರಾಜ್ಯ ವಿಮೆ) ಇರುವ ಕಾರ್ಮಿಕನಿಗೆ ಈ ದಾರಿಯ ಬದಲು ಇಎಸ್‌ಐ ಮೂಲಕವೇ ಸೌಲಭ್ಯ ಸಿಗುತ್ತದೆ.

“ಗುತ್ತಿಗೆಯವನು, ನಮಗೆ ಸಂಬಂಧವಿಲ್ಲ” ಎಂಬ ಮಾತು ಕಾನೂನಿನಲ್ಲಿ ನಿಲ್ಲುವುದಿಲ್ಲ. ಮೂಲ ಮಾಲೀಕನೇ ಪರಿಹಾರ ಕೊಟ್ಟು ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬೇಕು. ಇನ್ನು 48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಕೆಲಸಕ್ಕೆ ಬರಲಾಗದಂಥ ಗಾಯವಾದರೆ ಕಾರ್ಖಾನೆಗಳ ಇಲಾಖೆಗೆ ತಿಳಿಸಲೇಬೇಕು.

ಮೇಲ್ವಿಚಾರಕರೇ, ತಮ್ಮನ್ನು ನೋಯಿಸಲು ಹೇಳುತ್ತಿಲ್ಲ. ಬಾಗಿಲಿಗೆ ಸಿಕ್ಕಿತೆಂದು ಬರೆಸಿದ ಆ ಆಸ್ಪತ್ರೆಯ ಚೀಟಿಯೇ ನಾಳೆ ಆ ಹುಡುಗನ ಎದುರು ಸಾಕ್ಷಿಯಾಗಿ ನಿಲ್ಲುತ್ತದೆ. ಪರಿಹಾರದ ಅರ್ಜಿಗೆ ಸಾಮಾನ್ಯವಾಗಿ ಎರಡು ವರ್ಷಗಳ ಅವಧಿ ಇದೆ, ಅದಿನ್ನೂ ಮುಗಿದಿಲ್ಲ. ಯಂತ್ರದ ಬಳಿ ಆ ದಿನ ಏನಾಯಿತೆಂದು ಕಂಡವರು ಬರೆದುಕೊಟ್ಟರೆ ಅದಕ್ಕೆ ಬೆಲೆ ಇದೆ.

ವೆಲ್ಡರ್, ಜೋಯಿಡಾ ಮೂಲ, ಹಡಗು ರಿಪೇರಿ ಕೆಲಸ

ಇಷ್ಟು ದೊಡ್ಡವರ ನಡುವೆ ಬರೆಯಲು ಸಂಕೋಚವಾಗುತ್ತದೆ. ಹದಿನೆಂಟು ವರ್ಷಗಳಿಂದ ಹಡಗಿನ ಟ್ಯಾಂಕುಗಳ ಒಳಗೆ ವೆಲ್ಡಿಂಗ್ ಮಾಡುತ್ತಿದ್ದೇನೆ. ಯಂತ್ರ ಕಣ್ಣಿಗೆ ಕಾಣುತ್ತದೆ, ಗಾಳಿ ಕಾಣುವುದಿಲ್ಲ. ಬಹಳ ದಿನ ಮುಚ್ಚಿಟ್ಟ ಟ್ಯಾಂಕಿನಲ್ಲಿ ತುಕ್ಕು ಹಿಡಿಯುತ್ತ ಹಿಡಿಯುತ್ತ ಆಮ್ಲಜನಕವನ್ನೇ ಹೀರಿಕೊಂಡಿರುತ್ತದೆ. ಆರ್ಗಾನ್ ಸೋರಿದರೆ ಗಾಳಿಗಿಂತ ಭಾರವಾದ್ದರಿಂದ ತಳದಲ್ಲಿ ನಿಲ್ಲುತ್ತದೆ, ವಾಸನೆಯೂ ಇಲ್ಲ. ಕೊಳಚೆ ಇರುವ ಕಡೆ ಹುಟ್ಟುವ ಹೈಡ್ರೋಜನ್ ಸಲ್ಫೈಡ್ ಮೊದಲು ಕೊಳೆತ ಮೊಟ್ಟೆಯಂತೆ ನಾರುತ್ತದೆ, ಹೆಚ್ಚಾದರೆ ಮೂಗೇ ಮರಗಟ್ಟಿ ನಾತ ನಿಂತುಹೋಗುತ್ತದೆ. ವಾಸನೆ ಹೋಯಿತೆಂದು ಧೈರ್ಯ ಮಾಡಿದವನು ಮೇಲೆ ಬರುವುದಿಲ್ಲ. ಬಿದ್ದವನನ್ನು ಎತ್ತಲು ಹಾರಿದ ಗೆಳೆಯನೂ ಅಲ್ಲೇ ಬೀಳುತ್ತಾನೆ.

ಹಾಗಾಗಿ ಮೀಟರಿನಲ್ಲಿ ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ಇದ್ದರೆ ನಾವು ಇಳಿಯುವುದಿಲ್ಲ, 23.5ಕ್ಕಿಂತ ಹೆಚ್ಚಿದ್ದರೂ ಇಳಿಯುವುದಿಲ್ಲ. ಹೆಚ್ಚಿದ್ದರೆ ಬಟ್ಟೆಗೆ ಕಿಡಿ ತಾಗಿದ ಕ್ಷಣ ಮೈಯೆಲ್ಲ ಬೆಂಕಿ. ಊಟಕ್ಕೆ ಹೋಗುವಾಗ ಗ್ಯಾಸ್ ಕಟಿಂಗ್ ಹೋಸನ್ನು ಟ್ಯಾಂಕಿನೊಳಗೆ ಬಿಟ್ಟುಹೋಗಬಾರದೆಂಬ ನಿಯಮ ಇರುವುದು ಇದಕ್ಕೇ. ಬಾಯಿಯ ಬಳಿ ಒಬ್ಬ ಕಾವಲು ನಿಲ್ಲಬೇಕು, ಅವನು ಏನೇ ಆದರೂ ಒಳಗೆ ಹಾರಬಾರದು, ಹಗ್ಗ ಎಳೆಯಬೇಕು, ಕೂಗಬೇಕು.

ಇನ್ನೊಂದು ಮಾತು ಭಾಷೆಯದು. ನಮ್ಮ ಯಾರ್ಡಿನಲ್ಲಿ ಫಲಕಗಳೆಲ್ಲ ಇಂಗ್ಲಿಷಿನಲ್ಲಿವೆ. ಕೆಲಸ ಮಾಡುವವರು ಕೊಂಕಣಿ, ಕನ್ನಡ, ಒಡಿಯಾ, ಹಿಂದಿಯವರು. ಪರ್ಮಿಟ್ ಕಾಗದಕ್ಕೆ ಸಹಿ ಹಾಕಿದವರಲ್ಲಿ ಅದನ್ನು ಓದಬಲ್ಲವರು ಎಷ್ಟು ಜನ? ಬೆಳಿಗ್ಗೆ ಐದು ನಿಮಿಷ ನಿಂತು, ಇವತ್ತಿನ ಕೆಲಸ ಏನು, ಇದರಲ್ಲಿ ಯಾವುದು ಕೊಲ್ಲಬಹುದು ಎಂದು ಅವರವರ ಮಾತಿನಲ್ಲಿ ಹೇಳಿ, ಅವರ ಬಾಯಿಂದಲೇ ತಿರುಗಿ ಹೇಳಿಸಿದರೆ ಹತ್ತು ಫಲಕಗಳಿಗಿಂತ ಹೆಚ್ಚು ಪ್ರಯೋಜನವಾಗುತ್ತದೆ. ಕುಮಟಾದ ಅಕ್ಕ ಹೇಳಿದ ಐಸಿನ ವಿಷಯವನ್ನು ನಾಳೆ ಬೆಳಿಗ್ಗೆಯೇ ನಮ್ಮವರಿಗೆ ಹೇಳುತ್ತೇನೆ, ನನಗೂ ಅದು ಗೊತ್ತಿರಲಿಲ್ಲ.

ಸಣ್ಣ ಘಟಕದ ಮಾಲೀಕ, ಹೊನ್ನಾವರ

ಹಿರಿಯರು ಹೇಳಿದಂತೆ ಮೂರು ವರ್ಷ ಹಿಂದಿನ ಒಂದು ಅಪಘಾತವನ್ನು ಸಾಲು ಸಾಲಾಗಿ ಬರೆದು ಕೂಡಿಸಿದೆ. ವಿಮೆಯಿಂದ ಬಂದದ್ದಕ್ಕಿಂತ ಬಾರದೇ ಹೋದದ್ದೇ ಹೆಚ್ಚಾಯಿತು. ಬಿಲ್ಲಿನ ಕಡಿತವನ್ನು ನಾನು ಈವರೆಗೆ ಅಪಘಾತದ ಖರ್ಚೆಂದು ಎಣಿಸಿಯೇ ಇರಲಿಲ್ಲ. ರಿಪೇರಿಗೆ ಇಳಿದವನೇ ಮುಖ್ಯ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈಯನ್ನು ತನ್ನ ಜೇಬಿನಲ್ಲೇ ಇಟ್ಟುಕೊಳ್ಳುವ ಪದ್ಧತಿಯನ್ನು ಈ ವಾರದಿಂದ ಆರಂಭಿಸುತ್ತಿದ್ದೇನೆ. ಅದಕ್ಕೆ ಬೇಕಾದದ್ದು ಎಂಟು ಬೀಗಗಳು, ಟೆಂಡರಿನ ದರವನ್ನು ಅದು ಕೆಡಿಸುವುದಿಲ್ಲ.

ಫ್ಯಾಬ್ರಿಕೇಶನ್ ಮೇಲ್ವಿಚಾರಕ, ಕಾರವಾರ

ಉತ್ತರಿಸಿದ ಎಲ್ಲರಿಗೂ ನಾನು ಋಣಿ. ಆರು ವಾರಗಳ ಬಳಿಕ ಬರೆಯುತ್ತಿದ್ದೇನೆ.

ವಕೀಲರ ಲೆಕ್ಕವನ್ನೂ ನಿವೃತ್ತ ಅಧಿಕಾರಿಗಳ ಪಟ್ಟಿಯನ್ನೂ ಒಂದೇ ಹಾಳೆಯಲ್ಲಿ ಬರೆದು ಮಾಲೀಕರ ಮುಂದಿಟ್ಟು, ಆ ದಿನ ನಡೆದದ್ದನ್ನು ಪೂರ್ತಿಯಾಗಿ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ರೋಲಿಂಗ್ ಯಂತ್ರಕ್ಕೆ ತಂತಿ ಮತ್ತು ಪೆಡಲ್ ಬಂದಿವೆ, ಸ್ಟ್ಯಾಂಡುಗಳನ್ನು ನಮ್ಮ ಹುಡುಗರೇ ಗುಜರಿಯ ಪೈಪುಗಳಿಂದ ಮಾಡಿದರು. ಫಲಕವನ್ನು ಇಳಿಸಲಾಗಿದೆ. ಒಂದು ವಾರದ ಸಂಬಳದ ಭರವಸೆಯನ್ನು ಮಾಲೀಕರು ಹಿಂತೆಗೆದುಕೊಳ್ಳಲಿಲ್ಲ, ಆದರೆ ಈಗ ಅದು ಅಪಘಾತದ ದಿನಗಳಿಗೆ ಕಟ್ಟಿದ್ದಲ್ಲ, ವರದಿಯಾದ ದೋಷಗಳಲ್ಲಿ ಎಷ್ಟನ್ನು ನಾವು ಸರಿಪಡಿಸಿದೆವು ಎಂಬುದಕ್ಕೆ ಕಟ್ಟಿದ್ದು.

ಫಲಕವಿದ್ದ ಜಾಗದಲ್ಲಿ ಒಂದು ಪುಸ್ತಕವನ್ನು ದಾರದಲ್ಲಿ ಕಟ್ಟಿಟ್ಟಿದ್ದೇವೆ. ಯಾವ ಭಾಷೆಯಲ್ಲಾದರೂ ಬರೆಯಬಹುದು, ಹೆಸರು ಬೇಕಿಲ್ಲ, ಬರೆಯಲು ಬಾರದವರು ನನ್ನಲ್ಲೋ ಕಾವಲುಗಾರನಲ್ಲೋ ಹೇಳಿದರೆ ಸಾಕು. ಮೊದಲ ವಾರ ಒಂದು ಸಾಲೂ ಬರಲಿಲ್ಲ. ಎರಡನೇ ವಾರ ಯಾರೋ ಹಿಂದಿಯಲ್ಲಿ, ಕ್ರೇನಿನ ಕೊಕ್ಕೆಯ ಬಾಯಿಗಿರುವ ಲ್ಯಾಚ್ ಮುರಿದು ಬಹಳ ದಿನವಾಯಿತೆಂದು ಬರೆದಿದ್ದರು. ಅದೇ ಸಂಜೆ ಕ್ರೇನ್ ನಿಲ್ಲಿಸಿ ಹೊಸ ಲ್ಯಾಚ್ ಹಾಕಿಸಿದೆವು. ಅದಾದ ಮೇಲೆ ಹತ್ತೇ ದಿನಗಳಲ್ಲಿ ಹದಿನೇಳು ಸಾಲುಗಳು ಬಂದವು. ರೋಲರು ಗ್ಲೌಸನ್ನು ಎಳೆದು ಬಿಟ್ಟದ್ದು ಹಿಂದೆ ಐದು ಸಲ ಆಗಿತ್ತೆಂದೂ ಅದರಲ್ಲೇ ತಿಳಿಯಿತು.

ಆ ಹುಡುಗ ಊರಿನಲ್ಲಿದ್ದಾನೆ. ಯಂತ್ರದ ಬಳಿ ಅಂದು ಕಂಡದ್ದನ್ನು ದಿನಾಂಕ, ಹೊತ್ತು ಸಮೇತ ಬರೆದು ಸಹಿ ಮಾಡಿ, ಒಂದು ಪ್ರತಿಯನ್ನು ಅವನಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ, ಇನ್ನೊಂದನ್ನು ಮಾಲೀಕರಿಗೆ ಕೊಟ್ಟಿದ್ದೇನೆ. ನೋಂದಣಿ ಪುಸ್ತಕದಲ್ಲಿ ತಡವಾಗಿ ಬರೆದದ್ದೆಂದು ಸ್ಪಷ್ಟವಾಗಿ ನಮೂದಿಸಿ ಆ ಗಾಯವನ್ನು ದಾಖಲಿಸಿದ್ದೇನೆ. ಇಲಾಖೆಗೆ ಕಳಿಸುವ ವರದಿಗೆ ಮಾಲೀಕರು ಸೋಮವಾರ ಸಹಿ ಹಾಕುತ್ತೇನೆಂದು ಹೇಳಿದ್ದಾರೆ. ಹಾಕಿದ ಮೇಲೆ ಇಲ್ಲಿ ತಿಳಿಸುತ್ತೇನೆ.